ಒರೆಸದೆ ಬಿಟ್ಟ ಬಣ್ಣ

ನವೆಂಬರ್ 2, ಭಾನುವಾರ, ಬೆಳಿಗ್ಗೆ 7

ಶುಗರ್ 171. ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದರಿಂದ ಈ ಡೈರಿ. ಇಲ್ಲದಿದ್ದರೆ ನನಗೆಲ್ಲಿಯ ಬರವಣಿಗೆ. ನಿನ್ನೆ ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿಗಳಿಲ್ಲದಾಗ ಬಾಸ್ ಗಿಟಾರ್ ಪ್ರಾಕ್ಟೀಸ್. ಬೆರಳು ಊದಿದೆ. 22ಕ್ಕೆ ವಾಶಿಯಲ್ಲಿ ನಮ್ಮ ಹಳೇ ಬ್ಯಾಂಡಿನ ಶೋ — ಇಪ್ಪತ್ತೆಂಟು ವರ್ಷದ ಮೇಲೆ! ಹಾಡುಗಾರ ಸುದರ್ಶನ 97ರ ನಮ್ಮ ವಿಡಿಯೋ ಹುಡುಕಿ ಯೂಟ್ಯೂಬಿಗೆ ಹಾಕಿದ್ದಾನೆ. ಶೋ ದಿನ ಹಿಂದೆ ದೊಡ್ಡ ಪರದೆಯಲ್ಲಿ ಅದೇ ಓಡುತ್ತದಂತೆ. ಮೂರು ಸಲ ನೋಡಿದೆ. ಎಷ್ಟು ಕೂದಲಿತ್ತು ನನಗೆ. ಕ್ಯಾಮರಾಮನ್ ಮಾತ್ರ ಪೋಲಿ, ಹೆಂಗಸರ ಸೊಂಟ ಬಿಟ್ಟು ಮೇಲೇಳುವುದೇ ಇಲ್ಲ.

ನವೆಂಬರ್ 3

165. ಮಗಳಿಗೆ ತೋರಿಸಿದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ. ನಿಕಿತಾ ಅರ್ಧಕ್ಕೇ ನಿಲ್ಲಿಸಿದಳು.

"ಪಪ್ಪಾ, ಯೇ ಲೇಡೀಸ್ ಕೌನ್ ಹೈ? ಕಪ್ಪು ಯಾಕೆ ಬಳಿದದ್ದು ಇವರಿಗೆ?"

ಜಂಗಲ್ ಥೀಮ್, ಆಫ್ರಿಕಾ ಥರ ಎಂದೆ. ಆಗ ಟಿವಿಯಲ್ಲಿ ಬರುತ್ತಿದ್ದ ಫಾರಿನ್ ರಾಕ್ ವಿಡಿಯೋಗಳನ್ನು ನೋಡಿಯೇ ಮಾಡಿದ್ದು. ಹುಲ್ಲಿನ ಲಂಗ, ಥರ್ಮೋಕೋಲಿನ ಮೂಳೆಹಾರ, ಸುತ್ತ ಕುಣಿಯುವ ಹೆಂಗಸರು, ನಡುವೆ ರಾಜರ ಹಾಗೆ ನಾವು.

"ನಾಮ್ ಕ್ಯಾ ಥಾ ಉನ್‌ಕಾ?"

ಹೆಸರು ಬಾಯಿಗೆ ಬರಲಿಲ್ಲ. ಅವಳು ಫೋನನ್ನು ಮೇಜಿನ ಮೇಲಿಟ್ಟು ಆಫೀಸಿಗೆ ಹೋದಳು.

ನವೆಂಬರ್ 4

ನಾಗವೇಣಿ. ಇನ್ನೊಬ್ಬಳು ಬಾಗಿ. ಹೋಟೆಲಿನ ಗಲ್ಲೆಯಲ್ಲಿ ದುಡ್ಡೆಣಿಸುತ್ತ ಕೂತಿದ್ದಾಗ ನೆನಪಾಯಿತು. ವಾಗ್ಳೆ ಎಸ್ಟೇಟಿನಲ್ಲಿ ಕಟ್ಟಡದ ಕೆಲಸಕ್ಕಿದ್ದವರು, ಕಲಬುರಗಿ ಕಡೆಯವರು. ಮಾಪಣ್ಣ ಮೇಸ್ತ್ರಿ ಶೂಟಿಂಗಿಗೆ ಕಳಿಸಿದ್ದ.

ಬಣ್ಣ ಹಚ್ಚಿದ್ದು ನಾನು. ಅಪ್ಪ ಯಕ್ಷಗಾನದಲ್ಲಿ ವೇಷ ಮಾಡುತ್ತಿದ್ದವರು, ಅವರದೇ ಪೆಟ್ಟಿಗೆ. ನಾಗವೇಣಿಯದು ಮೊದಲೇ ಕಪ್ಪು ಮೈ. "ಇನ್ನೂ ಕಪ್ಪು ಮಾಡು ಮಾರಾಯಾ, ಆಫ್ರಿಕಾದವ್ರ ಹಾಗೆ ಕಾಣ್ಬೇಕಲ್ವಾ" ಎಂದ ಸುದರ್ಶನ. ನಾನು ನಕ್ಕೆ. ಆ ನಗು ಈಗ ಚುಚ್ಚುತ್ತಿದೆ.

ಶಾಲೆಯ ನಾಟಕಕ್ಕೆ ಮಕ್ಕಳಿಗೆ ಬಣ್ಣ ಹಚ್ಚಿದರೆ ಅಪ್ಪ ಕೊನೆಯ ಮಗುವಿನ ಮುಖವನ್ನೂ ತಾವೇ ತೆಂಗಿನೆಣ್ಣೆ ಹಾಕಿ ಒರೆಸಿಯೇ ಮನೆಗೆ ಬರುತ್ತಿದ್ದುದು. ಹಚ್ಚಿದವನೇ ತೆಗೆಯಬೇಕು. ನಾನು ಅಂದು ತೆಗೆದೆನೇ? ನೆನಪಿಲ್ಲ.

ನವೆಂಬರ್ 12, ಬುಧವಾರ

203.

ನೆನಪಿಲ್ಲ ಎಂದು ಬರೆದದ್ದು ಸುಳ್ಳು. ಎಣ್ಣೆ ಇತ್ತು. ನಮ್ಮ ನಾಲ್ವರ ಕೆನ್ನೆಯ ಗೆರೆಗಳನ್ನು ಒರೆಸುವಷ್ಟರಲ್ಲಿ ಬಾಟಲಿ ಖಾಲಿ. ಅಂಗಡಿ ರಸ್ತೆಯಾಚೆಯೇ ಇತ್ತು. ನಲ್ಲಿಯಲ್ಲಿ ತೊಳೆದುಕೊಳ್ಳಿ ಎಂದು ಹೇಳಿ ಲೋಕಲ್ ಟ್ರೈನು ಹಿಡಿಯಲು ಓಡಿದೆವು. ಆ ಬಣ್ಣ ಬರೀ ನೀರಿಗೆ ಹೋಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಸುದರ್ಶನನಿಗೆ ಫೋನ್ ಮಾಡಿದೆ. ಯೂಟ್ಯೂಬಿನಿಂದ ವಿಡಿಯೋ ತೆಗಿ ಎಂದೆ.

"ನಿಂಗೆ ಏನಾಯ್ತು ತಾರಾನಾಥಾ? ಆಗ ಎಲ್ರೂ ಹಾಗೇ ಮಾಡ್ತಿದ್ರು. ಈಗ ಎಂತ ಹೊಸ್ತು?"

ವಿಡಿಯೋ ಇದ್ದರೆ ಶೋಗೆ ನಾನಿಲ್ಲ ಎಂದೆ. ಫೋನ್ ಇಟ್ಟುಬಿಟ್ಟ. ಬ್ಯಾಂಡಿಗಾಗಿ ಒಂದು ಕಾಲದಲ್ಲಿ ಅಪ್ಪನ ಹತ್ತಿರವೇ ಮಾತು ಬಿಟ್ಟವನು ನಾನು…

ನವೆಂಬರ್ 15, ಶನಿವಾರ

ಮಾಪಣ್ಣ ಸಿಕ್ಕ, ಕೋಪರಿಯಲ್ಲಿ. ನಾಗವೇಣಿ ಇಲ್ಲೇ ವಾಗ್ಳೆ ಎಸ್ಟೇಟಿನಲ್ಲಿದ್ದಾಳಂತೆ, ಪ್ಯಾಕಿಂಗ್ ಕೆಲಸ. ಬಾಗಿ ತೀರಿಹೋಗಿ ಆರು ವರ್ಷ.

"ಹೋಗಿ ಏನ್ ಹೇಳ್ತೀರಿ? ನಿಮ್ಮ ಸಮಾಧಾನಕ್ಕೆ ಅವರ ಬಾಗಿಲು ಬಡಿಯುದಾ?" ಎಂದಳು ಜಯಲತಾ. ಹೆಂಡತಿ ಹೇಳಿದ್ದು ಸರಿಯೇ. ಆದರೂ ಹೋಗುತ್ತೇನೆ.

ನವೆಂಬರ್ 16, ಭಾನುವಾರ, ಮಧ್ಯಾಹ್ನ 3

ಹೋಗಿ ಬಂದೆ.

ಮಾಪಣ್ಣ ನಾಗವೇಣಿಗೆ ಫೋನ್ ಮಾಡಿ ತಿಳಿಸಿದ್ದ. "ಬಣ್ಣದ ಅಣ್ಣಾರು! ಬರ್ರಿ" ಎಂದಳು. ಚಹಾ ಕೊಟ್ಟಳು, ಸಕ್ಕರೆ ಹಾಕಿಯೇ. ಕುಡಿದೆ. ತಪ್ಪಾಯಿತು ಎಂದೆ. ಮನೆಯಿಂದ ಹೊರಟಾಗಲೇ ಇನ್ನೇನೇನೋ ಜೋಡಿಸಿಕೊಂಡಿದ್ದೆ, ಅಷ್ಟೇ ಬಂತು.

"ಎಷ್ಟ್ ತಿಕ್ಕಿದ್ರೂ ಹೋಗ್ಲಿಲ್ರಿ ಅದು. ಸೀಮಿಎಣ್ಣಿ ಹಚ್ಚಿ ತಿಕ್ಕೊಂಡೆ, ಮಾರಿ ಎಲ್ಲಾ ಉರೀತು. ನಮ್ ಆಕಾಶ ಆಗ ಏಳ್ ತಿಂಗಳ ಕೂಸು. ನನ್ನ ನೋಡಿ ಚೀರಿ ಚೀರಿ ಅತ್ತ. ಎರಡ್ ದಿನ ನನ್ ಹತ್ರ ಬರ್ಲಿಲ್ಲ. ಬಾಗಿನೇ ಹಾಲ್ ಕುಡಿಸಿದ್ಳು."

"ಬಾಗಿ ಮುಖಕ್ಕೂ ಬಣ್ಣ ಇತ್ತಲ್ಲ?"

"ಆಕಿ ಮಾರಿಗೆ ಸೆರಗ ಮುಚ್ಕೊಂಡು ಕುಡಿಸ್ತಿದ್ಳ್ರಿ."

ಅವಳೇ ಮಾತು ಬದಲಿಸಿದಳು.

"ಅದ್ ಇರ್ಲಿ. ಆ ವಿಡಿಯೋ ಅದ ಏನ್ರಿ? ನಾ ನೋಡೇ ಇಲ್ಲ. ಆಗಿಂದು ನಂದೊಂದ್ ಫೋಟೋನೂ ಇಲ್ರಿ ಮನ್ಯಾಗ."

ಚಾಳೀಸು ಹಾಕಿಕೊಂಡು, ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. "ಈ ಕಾಲ್ ನಂದು. ಕಡಗ ನೋಡ್ರಿ." ನಕ್ಕಳು. "ಇದು ಬಾಗಿ ಸೊಂಟ." ಹಾಡು ಮುಗಿಯಿತು. ಇನ್ನೊಮ್ಮೆ ಹಾಕಿಸಿದಳು. ಈ ಸಲ ನಗಲಿಲ್ಲ, ಕಾಯುತ್ತಿದ್ದಳು. ಕೊನೆಗೆ ಪರದೆ ತುಂಬ ನನ್ನ ಮುಖ ಬಂತು.

"ನನ್ ಮಾರಿ ಎಲ್ಲಿ ಅದ್ರಿ, ಅಣ್ಣಾರ?"

ನವೆಂಬರ್ 17

ಶುಗರ್ ನೋಡಿಲ್ಲ.

ಸುದರ್ಶನ ಯೂಟ್ಯೂಬಿನಿಂದ ವಿಡಿಯೋ ತೆಗೆದನಂತೆ. ಖುಷಿಯಾ ಎಂದು ಮೆಸೇಜ್. ನನ್ನ ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರುವುದನ್ನು ಬೆಳಿಗ್ಗೆಯಿಂದ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೇನೆ. ಒಂದು ಫೋಟೋ ತೆಗೆದು ಅವಳಿಗೆ ಕೊಡೋಣವೆಂದು. ಕಾಲು, ಸೊಂಟ, ಬೆನ್ನು. ಎರಡನೇ ನಿಮಿಷದಲ್ಲಿ ಗಲ್ಲದ ತುದಿ, ಅಷ್ಟೇ. ಮುಖ ಎಲ್ಲೂ ಇಲ್ಲ. ಕ್ಯಾಮರಾ ತೆಗೆಯದೇ ಇರುವ ಮುಖಕ್ಕೆ ನಾನು ಒಂದು ಗಂಟೆ ಕೂತು ಬಣ್ಣ ಹಚ್ಚಿದ್ದೆ.