ಒಂದು ‘ಬಿಡು’ವಿಗೆ ಮೂರು ಇಂಗ್ಲಿಷು

ಗವಿಪುರಂ, ಬೆಂಗಳೂರು
ಜೂನ್ ೧೪

ಮಗು ಆಕರ್ಷ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಬೆಳಗಾವಿಯ ಮೆಸ್ಸಿನ ಊಟ ಒಗ್ಗಿತೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಕ್ಷೇಮಸಮಾಚಾರ ಇಷ್ಟು ಸಾಕು, ನನಗೆ ನಿನ್ನ ಮೇಲೆ ಕೋಪ ಬಂದಿದೆ. ಫೋನಿನಲ್ಲಾದರೆ ‘ಅಮ್ಮಾ, ಒಂದ್ನಿಮಿಷ’ ಎಂದು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ಯುಗಾದಿಗೆ ಬಂದಾಗ ಮಲ್ಲೇಶ್ವರದ ವರದರಾಜ ಮಾವನ ಮನೆಯಲ್ಲಿ ನೀನು ಮಾಡಿದ್ದು ನಿನಗೆ ಮರೆತೇ ಹೋಗಿರಬೇಕು. ನಿನ್ನ ಹೆಂಡತಿಗೆ ಮರೆತಿಲ್ಲ, ನನಗೂ ಇಲ್ಲ. ಮಾವನ ಸೊಸೆ ದೆಹಲಿಯವಳು, ಕನ್ನಡ ಬಾರದು. ಹೇಗೆ ಬಂದೆ ಎಂದು ತೇಜಶ್ರೀಯನ್ನು ಕೇಳಿದಳು. ನೀನು ಅವಳನ್ನು ಮೆಜೆಸ್ಟಿಕ್‌ನಲ್ಲಿ ಇಳಿಸಿ ಯಾರನ್ನೋ ನೋಡಲು ಹೋಗಿದ್ದೆ, ಅವಳು ಮೆಟ್ರೊ ಹತ್ತಿ ಬಂದಿದ್ದಳು. ‘ಮೈ ಹಸ್ಬೆಂಡ್ ಲೆಫ್ಟ್ ಮಿ’ ಅಂದಳು. ನೀನು ಊಟದ ತಟ್ಟೆ ಹಿಡಿದುಕೊಂಡೇ ‘ನೋಡ್ರಪ್ಪಾ, ನಾನು ಹೆಂಡ್ತೀನ ಬಿಟ್ಟು ಓಡೋಗಿದೀನಂತೆ’ ಎಂದು ಮನೆಗೆಲ್ಲ ಕೇಳುವಂತೆ ಹೇಳಿದೆ. ಎಲ್ಲರೂ ನಕ್ಕರು. ಅಷ್ಟಕ್ಕಾದರೂ ನಿಲ್ಲಿಸಿದೆಯಾ? ಫ್ಯಾಮಿಲಿ ಗ್ರೂಪಿಗೂ ಹಾಕಿದೆ. ಮಾರನೆಯ ವಾರ ಗಾಂಧಿಬಜಾರಿನ ಹತ್ತಿರದ ಶಾಲೆಯಿಂದ ಇಂಟರ್‌ವ್ಯೂಗೆ ಕರೆದರೆ ಅವಳು ಬರುವುದಿಲ್ಲ ಎಂದುಬಿಟ್ಟಳು. ‘ಲೆಕ್ಕ ನಂಗೆ ಬರುತ್ತೆ ಅತ್ತೆ. ಬಾಯಿ ಬಿಟ್ರೆ ನಗ್ತಾರೆ’ ಅಂದಳು. ಮಾಗಡಿ ಕಡೆಯ ಹಳ್ಳಿಯಿಂದ ಬಂದು ಎಂ.ಎಸ್ಸಿ. ಗಣಿತದಲ್ಲಿ ರ‍್ಯಾಂಕ್ ತೆಗೆದ ಹುಡುಗಿ.

ಇಡೀ ಜೀವಮಾನ ಇಂಗ್ಲಿಷ್ ಪಾಠ ಹೇಳಿದವಳು ನಾನು. ಅವಳ ತಪ್ಪು ದಡ್ಡತನದ್ದಲ್ಲ. ಗಂಡ ಬಸ್‌ಸ್ಟ್ಯಾಂಡಿಗೆ ಬಿಟ್ಟರೂ, ಹೆಂಡತಿಯನ್ನೇ ಬಿಟ್ಟರೂ, ಮಾತಾಡಲು ಬಿಟ್ಟರೂ ನಮಗೆ ‘ಬಿಡು’ ಒಂದೇ ಸಾಕು. ಇಂಗ್ಲಿಷಿಗೆ ಡ್ರಾಪ್, ಲೀವ್, ಲೆಟ್ ಮೂರೂ ಬೇಕು. ಇಷ್ಟನ್ನು ಪಕ್ಕಕ್ಕೆ ಕರೆದು ಹೇಳಲು ನಿನಗೇನು ಕಷ್ಟವಿತ್ತು? ಐದನೇ ಕ್ಲಾಸಿನಲ್ಲಿ ನೀನು ‘ಅಪ್ಪ ಲರ್ನ್ಡ್ ಮಿ ಸೈಕಲ್’ ಎಂದು ಬರೆದಾಗ ಅದನ್ನು ನಾನು ನೆಂಟರಿಗೆಲ್ಲ ಹೇಳಿಕೊಂಡು ತಿರುಗಲಿಲ್ಲ.

ಶಾಲೆಯವರನ್ನು ನಾನೇ ಮತ್ತೆ ಕೇಳಿಕೊಂಡೆ. ಬೇಸಿಗೆಯಿಡೀ ಮಧ್ಯಾಹ್ನದ ಕಾಫಿಯ ಹೊತ್ತಿಗೆ ನಾವಿಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿದೆವು. ಮೊನ್ನೆ ಗುರುವಾರ ಅವಳ ಪರೀಕ್ಷಾ ಪಾಠ. ನಾನು ವರಾಂಡದ ಬೆಂಚಿನಲ್ಲಿ ಕುಳಿತಿದ್ದೆ. ಪಾಠದ ನಡುವೆ ಒಂದು ಹುಡುಗಿ ಎದ್ದು ‘ಮಿಸ್, ಲೀವ್ ಮಿ, ಐ ವಿಲ್ ಟೆಲ್’ ಅಂದಿತು. ಕ್ಲಾಸೆಲ್ಲ ನಕ್ಕಿತು. ತೇಜಶ್ರೀ ಸೀಮೆಸುಣ್ಣ ಕೆಳಗಿಟ್ಟು, ನಗು ಪೂರ್ತಿ ನಿಲ್ಲುವವರೆಗೆ ಕಾದಳು. ಆಮೇಲೆ ‘ಶಿ ನೋಸ್ ದಿ ಆನ್ಸರ್. ಡು ಯೂ?’ ಎಂದು ನಕ್ಕವರನ್ನು ಕೇಳಿದಳು. ‘ಲೆಟ್ ಮಿ ಅನ್ಬೇಕು ಪುಟ್ಟಾ. ಬಾ, ಬೋರ್ಡ್ ಮೇಲೆ ಮಾಡು’ ಎಂದು ಅದರ ಕೈಗೇ ಸೀಮೆಸುಣ್ಣ ಕೊಟ್ಟಳು. ಹಿಂದೆ ಕುಳಿತಿದ್ದ ಪ್ರಿನ್ಸಿಪಾಲರು ಅಲ್ಲಿಯೇ ಸೋಮವಾರದಿಂದ ಬನ್ನಿ ಎಂದರು. ಅವರೆದುರು ಗಟ್ಟಿಯಾಗಿದ್ದವಳು ಆಟೊದಲ್ಲಿ ನನ್ನ ಭುಜಕ್ಕೊರಗಿ ಅತ್ತಳು. ಸಂತೋಷಕ್ಕೆ ಎಂದುಕೊಳ್ಳಬೇಡ. ನೀನು ನಗಿಸಿದ ದಿನದಿಂದ ಒಳಗೇ ಕಟ್ಟಿಕೊಂಡಿದ್ದ ಅಳು ಅದು.

ಕೋಪ ಕೋಪವೇ, ಆದರೂ ರಂಗನಾಥ ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ. ಕಷಾಯದ ಪುಡಿ ಕಳಿಸಿದ್ದೇನೆ, ಕುಡಿ.

ನಿನ್ನ ಅಮ್ಮ,
ರಂಗನಾಯಕಿ

ಮರೆತೆ. ಅಲ್ಲ, ಬರೆಯಲು ಕೈ ಬರಲಿಲ್ಲ. ಆಷಾಢ ಕಳೆದ ಮೇಲೆ ತೇಜಶ್ರೀ ಬೆಳಗಾವಿಗೆ ಬರುವುದಿಲ್ಲ. ನೀನು ಹೋದ ವಾರ ಅಲ್ಲಿ ನೋಡಿಟ್ಟ ಮನೆ ಬೇಡವೆಂದು ತಿಳಿಸಿಬಿಡು. ಕೆಲಸ ಸಿಕ್ಕಿತೆಂದಲ್ಲ, ‘ಮಾತಾಡೋಕೆ ಹೆದರ್ಕೊಂಡು ಅವರ ಜೊತೆ ಇರೋಕಾಗಲ್ಲ ಅತ್ತೆ’ ಎಂದಳು. ನಾನು ಹೇಳಿಕೊಟ್ಟ ಮಾತಲ್ಲ. ಈ ಭಾನುವಾರವೇ ಹೊರಟು ಬಾ, ಅವಳ ಎದುರು ಕುಳಿತು ಅವಳು ಹೇಳುವುದನ್ನೆಲ್ಲ ಕೇಳು. ನಾನು ನಿನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ.