ಕಲ್ಲಿನ ಸೈನಿಕನೋ, ಊರಿಗೊಬ್ಬ ದಾದಿಯೋ

ಹಾರ್ಲೋ, ನ್ಯೂ ಹ್ಯಾಂಪ್‌ಶೈರ್
೨೭ ಮಾರ್ಚ್ ೧೯೨೧

ಪ್ರೀತಿಯ ತಂಗಿ ಲವಿನಿಯಾ,

ನೀನು ಆರಿಗನ್‌ನಿಂದ ಕಳಿಸಿದ ಒಣ ಪ್ಲಮ್ ಹಣ್ಣು ಕ್ರಿಸ್‌ಮಸ್ಸಿಗೇ ಬಂತು. ಉತ್ತರ ಬರೆಯಲು ಮಾತ್ರ ಹಿಮ ಕರಗಬೇಕಾಯಿತು. ಬೈಯಬೇಡ, ಬೆರಳಿನ ಗೆಣ್ಣುಗಳು ಚಳಿಗೆ ಬಿಗಿದು ಪೆನ್ನು ಹಿಡಿಯಲು ಬಿಡಲಿಲ್ಲ. ಬೆಳಗಿನ ಗಂಜಿಗೆ ಆ ಹಣ್ಣು ಹಾಕಿಕೊಂಡಾಗಲೆಲ್ಲ ನಿನ್ನ ಕೈಯನ್ನು ನೆನೆದೆ.

ಈ ಸಲದ ಊರಸಭೆಯ ಸುದ್ದಿಯನ್ನು ನಿನಗೆ ಹೇಳದೆ ಇರಲಾರೆ. ಪ್ರತಿ ಮಾರ್ಚಿನಲ್ಲೂ ಊರಿನ ತೆರಿಗೆ ಹಣ ಯಾವುದಕ್ಕೆ ಹೋಗಬೇಕೆಂದು ಗಂಡಸರು ಮಹಡಿಯಲ್ಲಿ ಕೈ ಎತ್ತಿ ತೀರ್ಮಾನಿಸುವಾಗ, ನಾವು ಕೆಳಗೆ ಅವರ ಊಟಕ್ಕೆ ಬೀನ್ಸ್ ಬೇಯಿಸುತ್ತಿದ್ದೆವಲ್ಲ? ಈಗ ನಮಗೂ ಮತ ಹಾಕುವ ಹಕ್ಕು ಬಂದಿದೆ. ಮಡಕೆಗಳನ್ನು ಒಲೆಯೊಳಗಿಟ್ಟು, ಏಪ್ರನ್ ಬಿಚ್ಚಿ, ಮೆಟ್ಟಿಲು ಹತ್ತಿದೆವು. ಅಂಗಡಿಯ ಜೆಡ್ ಕೋಲ್ಬಿ ಬಾಗಿಲಲ್ಲೇ ನಿಂತು, ಇವತ್ತು ಸೀದ ಬೀನ್ಸೇ ಗತಿ ಎಂದು ಎಲ್ಲರನ್ನೂ ನಗಿಸಿದ.

ಸೈನ್ಯಕ್ಕೆ ಹೋಗಿ ಮರಳದ ಊರಿನ ಹುಡುಗರ ನೆನಪಿಗೆ ಗ್ರಾನೈಟಿನ ಸೈನಿಕನನ್ನು ನಿಲ್ಲಿಸುವುದೋ, ಮನೆಮನೆಗೆ ಹೋಗಿ ಕಾಯಿಲೆಯವರನ್ನು ನೋಡುವ ದಾದಿಯನ್ನು ನೇಮಿಸುವುದೋ ಎಂಬುದೇ ಚರ್ಚೆ. ಎರಡಕ್ಕೂ ಸಾಲುವಷ್ಟು ಹಣವಿಲ್ಲ. ಕಲ್ಲಿನ ಸಮಿತಿಗೆ ಓರಿನ್ ಸ್ಟಿಕ್ನಿಯೇ ಮುಖ್ಯಸ್ಥ. ಅವನ ಮಗ ವಾಲ್ಟರ್ ಫ್ರಾನ್ಸಿನ ಮಣ್ಣಿನಲ್ಲಿ ಮಲಗಿದ್ದಾನೆ, ಅವನೆದುರು ಯಾರು ಬಾಯಿ ಬಿಡುತ್ತಾರೆ?

ಜೆಡ್ ಎದ್ದು, "ಕಲ್ಲಾದ್ರೆ ಒಂದ್ಸಲ ಕೊಟ್ಟು ಕೈ ತೊಳ್ಕೋಬಹುದು. ದಾದಿಗೆ ವರ್ಷಾ ವರ್ಷಾ ಸಂಬಳ. ಹೆಂಗಸರು ಮೇಲೆ ಬಂದ ದಿನಾನೇ ಖರ್ಚು ಶುರುವಾಯ್ತು ನೋಡಿ" ಎಂದ.

ನಾನು ಎದ್ದು ನಿಂತೆ, ಲವಿನಿಯಾ.

"ಆ ಜ್ವರದ ವರ್ಷ ಮರ್ತುಬಿಟ್ರಾ? ಮೂರು ಊರಿಗೆ ಒಬ್ಬರೇ ಡಾಕ್ಟರು. ಪ್ರೆಸ್ಕಾಟ್ ಮನೇಲಿ ತಾಯಿ ಸತ್ತು ಬಿದ್ದಿದ್ಲು, ಪಕ್ಕದಲ್ಲೇ ಮಗು ಹಾಲಿಗೆ ಅಳ್ತಿತ್ತು. ನಾನೇ ಹೋಗಿ ಎತ್ಕೊಂಡೆ. ಹೋದ ಹುಡುಗರು ಇನ್ನೊಂದ್ವರ್ಷ ಕಾದ್ರೆ ಬೇಜಾರು ಮಾಡ್ಕೊಳಲ್ಲ."

ಓರಿನ್ ನಿಧಾನವಾಗಿ ಎದ್ದು ನನ್ನನ್ನೇ ನೋಡಿದ. ನಾನು ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಅಡಲೈನ್ ಹೇಳೋದು ಸರಿ. ಕಲ್ಲಿನ ಮಾತು ವಾಪಸ್ ತಗೋತೀನಿ" ಎಂದು ಕುಳಿತುಬಿಟ್ಟ.

ಆಮೇಲೆ ಕೈಗಳು ಎದ್ದವು. ಜೆಡ್ ಕೂಡ ಕೈ ಎತ್ತಿದ. ಅವನ ಹೆಂಡತಿ ಪಕ್ಕದಲ್ಲೇ ಕುಳಿತಿದ್ದಳು.

ದಾದಿ ಮಿಸ್ ಬ್ಯಾಚೆಲ್ಡರ್ ಮೊನ್ನೆ ಬಂದಳು. ಸದ್ಯಕ್ಕೆ ನನ್ನ ಮಗ ಏಸಾನ ಕೋಣೆಯಲ್ಲೇ ಇದ್ದಾಳೆ. ಕೆಸರಿನಲ್ಲಿ ಬೂಟು ಹೂತುಹೋದರೂ ನಗುವ ಹುಡುಗಿ. ಏಸಾ ಸೈನ್ಯಕ್ಕೆ ಹೋದಮೇಲೆ ಆ ಮೆಟ್ಟಿಲಿನ ಮೇಲೆ ಇನ್ನೊಬ್ಬರ ಹೆಜ್ಜೆ ಕೇಳಿ ಮನೆಗೆ ಜೀವ ಬಂದಂತಾಗಿದೆ. ಮಗನ ಹೆಸರಿನ ಕಲ್ಲನ್ನೇ ಬಿಟ್ಟುಕೊಟ್ಟ ತಾಯಿ ಎಂದು ಊರವರು ನನ್ನನ್ನು ಹೊಗಳುತ್ತಾರೆ. ಇಂಥ ಜನರ ನಡುವೆ ಬಾಳುತ್ತಿರುವುದಕ್ಕೆ ನಾನು ಋಣಿ.

ನಿನ್ನ ಪ್ಲಮ್ ಮರಗಳ ಹೂವಿಗೆ ಹಿಮ ಬೀಳದಿರಲಿ, ಮಕ್ಕಳು ಕೆಮ್ಮು ನೆಗಡಿಯಿಲ್ಲದೆ ಬೆಳೆಯಲಿ.

ನಿನ್ನ ಅಕ್ಕ,
ಅಡಲೈನ್

ತಾ.ಕ.: ಇದು ನಿನಗೊಬ್ಬಳಿಗೇ. ಆ ಕಲ್ಲಿನ ಮೇಲೆ ಏಸಾನ ಹೆಸರು ಬರುವುದೇ ಇರಲಿಲ್ಲ. ಹಡಗು ಹತ್ತುವ ಮೊದಲೇ ಶಿಬಿರದಲ್ಲಿ ಜ್ವರದಿಂದ ಸತ್ತವನನ್ನು ಯುದ್ಧದಲ್ಲಿ ಸತ್ತವರ ಜೊತೆ ಸೇರಿಸಲಾಗದೆಂದು ಸಮಿತಿ ತೀರ್ಮಾನಿಸಿತ್ತು. ಸಭೆಯ ಹಿಂದಿನ ವಾರ ಓರಿನ್ ಮನೆಗೆ ಬಂದು, ತಲೆ ತಗ್ಗಿಸಿಕೊಂಡು, ಅದನ್ನು ಹೇಳಿ ಹೋಗಿದ್ದ. ನಾನು ಎದ್ದು ನಿಂತದ್ದು ಪ್ರೆಸ್ಕಾಟ್ ಮಗುವಿಗಾಗಿಯೋ, ಆ ಸಂಕಟಕ್ಕೋ, ನನಗೇ ತಿಳಿಯದು. ಓರಿನ್ ಸಭೆಯಲ್ಲಿ ಆ ವಿಷಯ ಎತ್ತಿದ್ದರೆ, ಮಗನ ಹೆಸರು ಬಿಟ್ಟ ಸಿಟ್ಟೆಂದು ನನ್ನ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಎತ್ತಲಿಲ್ಲ. ಸಭೆ ಮುಗಿದ ಮೇಲೆ ನಮ್ಮ ಗೇಟಿನವರೆಗೂ ಜೊತೆಗೆ ನಡೆದು ಬಂದ. "ಏಸಾ, ವಾಲ್ಟರ್ ಇಬ್ಬರೂ ಒಂದೇ ರೈಲು ಹತ್ತಿದ್ರು, ಅಲ್ವಾ?" ಎಂದ. ಹೌದು ಎಂದೆ. ಹ್ಯಾಟು ತೆಗೆದು ಎದೆಗೊತ್ತಿಕೊಂಡು, ಹೊರಟುಹೋದ.