ಕೆಂಪು ಅಂಕಿಯ ಕಲ್ಲು

ಭಾನುವಾರ, ಸೆಪ್ಟೆಂಬರ್ ೨೮. ರಾತ್ರಿ ಎಂಟೂವರೆ. ಬೆಳಿಗ್ಗೆ ಹೊರಟು ಎಡದ ಏರಿನಿಂದ ಹಿಮನದಿಗೆ ಹತ್ತಿ, ಬಲಗಡೆಯಿಂದ ಇಳಿದು, ಕತ್ತಲಾಗುವ ಹೊತ್ತಿಗೆ ಮನೆ ಸೇರಿದೆವು, ನಾನು ಮತ್ತು ಮೈದುನ ಕಸ್ಸಿಯಾನ್. ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಗಂಡ ವೆಂಡೆಲಿನ್ ಇಪ್ಪತ್ತೊಂಬತ್ತು ವರ್ಷ ಈ ಸುತ್ತು ಹಾಕಿದರು. ಹಿಮದ ತುದಿಯ ಎದುರು ಒಂದು ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಇಸವಿ ಬರೆದು ಬರುತ್ತಿದ್ದರು. ಹಿಮ ಎಷ್ಟು ಹಿಂದೆ ಸರಿಯಿತೆಂದು ಮರುವರ್ಷ ಆ ಕಲ್ಲಿನಿಂದಲೇ ಅಳೆಯುತ್ತಿದ್ದರು. ಮಾರ್ಚಿನಲ್ಲಿ ಅವರು ತೀರಿಹೋದರು. ಮೂವತ್ತನೆಯ ಅಳತೆ ನನ್ನ ಪಾಲಿಗೆ ಬಂತು.

ಹೋದ ವರ್ಷದ ಕಲ್ಲು ಅಲ್ಲಿರಲಿಲ್ಲ. ತುಸು ಕೆಳಗೆ, ಪ್ರವಾಸಕ್ಕೆ ಬಂದ ಜೋಡಿಯೊಂದು ಫೋಟೋಗೆಂದು ಪೇರಿಸಿದ್ದ ಕಲ್ಲುಗಳ ಬುಡದಲ್ಲಿತ್ತು, ವೆಂಡೆಲಿನ್ ಬರೆದ ಅಂಕಿ ತಲೆಕೆಳಗಾಗಿ.

"ಇದನ್ನ ಎಲ್ಲಿಂದ ಎತ್ಕೊಂಡ್ರಿ?" ಎಂದೆ.

"ನೆನಪಿಲ್ಲ ಅಜ್ಜಿ. ಇಲ್ಲಿ ಕಲ್ಲಿಗೇನು ಬರವಾ?" ಹುಡುಗಿ ನಕ್ಕಳು.

"ನಿಮ್ಮನೆ ನಂಬರು ಕಿತ್ತು ಪಕ್ಕದ್ಮನೆ ಬಾಗಿಲಿಗೆ ಹೊಡೀತೀನಿ, ಆಗ ನಗುವಂತೆ ತಾಯಿ," ಎಂದ ಕಸ್ಸಿಯಾನ್.

ನಾನು ಬಣ್ಣದ ಡಬ್ಬಿ ಎತ್ತಿಕೊಂಡು ಹಿಮದ ಕಡೆ ನಡೆದೆ. ಈಗ ಹತ್ತು ಮಾತು ಬರುತ್ತಿವೆ, ಯಾರಿಗೆ ಹೇಳಲಿ?

ಹೊಸ ಇಸವಿಯನ್ನು ಹತ್ತು ಜನ ಸೇರಿದರೂ ಅಲುಗದ ಬಂಡೆಯ ಮೇಲೆ ಬರೆದೆ. ಮೊದಲ ಎರಡರ ಅಂಕಿ ಸೊಟ್ಟಗಾಯಿತು. ಹಳೆಯ ಕಲ್ಲಿದ್ದ ಜಾಗ ತಿಳಿಯದೆ ಈ ವರ್ಷದ ಅಳತೆ ಮಾತ್ರ ಆಗಲಿಲ್ಲ.

ಇಳಿಯುವಾಗ ಕಸ್ಸಿಯಾನ್, "ಅಂದಾಜು ನಲವತ್ತು ಮೀಟರ್ ಅಂತ ಹಾಕ್ಬಿಡಿ ಅತ್ತಿಗೆ. ಯಾರು ಬಂದು ನೋಡ್ತಾರೆ?" ಎಂದ.

"ನಿಮ್ಮಣ್ಣ ಕಾಲು ಮುರಿದ ವರ್ಷನೂ ಅಂದಾಜು ಬರೀಲಿಲ್ಲ."

ಅವನು ಬಣ್ಣದ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದೆ ನಡೆದ.

ಹಿಮನದಿಗಳ ಲೆಕ್ಕ ಇಡುವ ಇನ್ಸ್‌ಬ್ರುಕ್‌ನ ಕಚೇರಿಗೆ ವರ್ಷವರ್ಷ ಕಳಿಸುವ ಹಾಳೆ ಮುಂದಿದೆ. ಹೆಸರಿನ ಜಾಗದಲ್ಲಿ ಮೊದಲ ಸಲ ನನ್ನ ಹೆಸರು. ಅಳತೆಯ ಜಾಗ ಖಾಲಿ ಬಿಟ್ಟಿದ್ದೇನೆ. ಅಂಚೆ ಕಚೇರಿ ನಾಳೆ ಎಂಟಕ್ಕೆ ತೆರೆಯುತ್ತದೆ.